ಕೈಕಾಲು ಅದುರದೆಯೂ ಫಿಟ್ಸ್ ಬರುತ್ತಾ? ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಸುಂಟಿಕೊಪ್ಪ ಹತ್ತಿರದಿಂದ): ನಮಸ್ಕಾರ ಡಾಕ್ಟ್ರೇ. ನಮ್ಮ ಯಜಮಾನರಿಗೆ 41 ವರ್ಷ. ಎಸ್ಟೇಟಿನಲ್ಲಿ ರೈಟರ್ ಆಗಿದ್ದಾರೆ. ಒಂದೂವರೆ ವರ್ಷದಿಂದ ಆಗಾಗ ಹೊಟ್ಟೆಯಲ್ಲಿ ಏನೋ ತಿರುಗಿ ಎದೆಗೆ ಏರಿದ ಹಾಗೆ ಆಗುತ್ತದೆ ಅನ್ನುತ್ತಿದ್ದರು. ಒಂದು ಕಡೆ ಗ್ಯಾಸ್ ಅಂತ ಮಾತ್ರೆ ಕೊಟ್ಟರು. ಎಂಡೋಸ್ಕೋಪಿಯೂ ಆಯಿತು, ಏನೂ ಸಿಗಲಿಲ್ಲ.

ಕಳೆದ ತಿಂಗಳು ಕಾಫಿ ಕೊಯ್ಲಿನ ಹೊತ್ತು. ಸಂಜೆ ತೂಕ ಹಾಕುವಾಗ ಮೇಸ್ತ್ರಿ ಕೆಜಿ ಕೂಗುತ್ತಿದ್ದರಂತೆ, ಇವರು ಬರೆಯುತ್ತಿದ್ದರು. ಇದ್ದಕ್ಕಿದ್ದಂತೆ ಪೆನ್ನು ನಿಂತಿತು. ಮೂರು ಸಲ ಕರೆದರೂ ಉತ್ತರ ಇಲ್ಲ. ಕಣ್ಣು ಬಿಟ್ಟೇ ಇತ್ತು. ಎಡಗೈಯಲ್ಲಿ ಅಂಗಿ ಗುಂಡಿ ತಿರುಗಿಸುತ್ತಾ, ಬಾಯಿ ಚಪ್ಪರಿಸುತ್ತಾ ನಿಂತರಂತೆ. ಒಂದು ನಿಮಿಷ ಕಳೆದ ಮೇಲೆ ಮತ್ತೆ ಬರೆಯಲು ಶುರು ಮಾಡಿದರು. ಆ ಪುಸ್ತಕ ನಾನೇ ನೋಡಿದೆ. 42 ಅಂತ ಸರಿಯಾಗಿ ಬರೆದಿದ್ದಾರೆ. ಅದರ ಕೆಳಗೆ ಒಂದು ಗೆರೆ ಸುಮ್ನೆ ಇಳಿದುಹೋಗಿದೆ. ಆಮೇಲೆ ನಾಲ್ಕು ಜನರ ತೂಕ ಒಂದೇ ಖಾನೆಯಲ್ಲಿದೆ. ಇವರಿಗೆ ಏನೂ ನೆನಪಿಲ್ಲ. ಅತ್ತೆ ಗಾಳಿ ಸೋಕಿದೆ ಅನ್ನುತ್ತಾರೆ. ನನ್ನ ತಮ್ಮ ಫಿಟ್ಸ್ ಇರಬೇಕು ಅನ್ನುತ್ತಾನೆ. ಬೀಳಲಿಲ್ಲ, ನೊರೆ ಬರಲಿಲ್ಲ. ಫಿಟ್ಸ್ ಹೀಗೂ ಬರುತ್ತಾ?

ಡಾಕ್ಟರ್: ಬರುತ್ತದೆ ಅಮ್ಮ. ಉತ್ತರ ಹೇಳುವ ಮೊದಲು ನಾಲ್ಕು ವಿಷಯ ತಿಳಿಯಬೇಕು. ಆ ಹೊಟ್ಟೆಯ ಅನುಭವ ಪ್ರತಿ ಸಲವೂ ಒಂದೇ ಥರವಾ? ಎಷ್ಟು ಹೊತ್ತು ಇರುತ್ತದೆ? ಅವತ್ತು ಬಲಗೈ ಏನು ಮಾಡುತ್ತಿತ್ತು? ಎಚ್ಚರ ಬಂದ ಮೇಲೆ ಮಾತು ಸರಿ ಇತ್ತಾ?

ಪ್ರಶ್ನೆ ಕೇಳಿದವರು: ಮೇಸ್ತ್ರಿಯನ್ನೇ ಕೇಳಿದೆ. ಬಲಗೈ ಪೆನ್ನು ಹಿಡಿದ ಹಾಗೇ ಸೆಟೆದು, ಮಣಿಕಟ್ಟು ಒಳಗೆ ಬಾಗಿತ್ತಂತೆ. ಮಾತು ಸ್ವಲ್ಪ ಹೊತ್ತು ತಡವರಿಸಿತು. ಮಗಳ ಹೆಸರು ಹೇಳಲು ಹೋಗಿ 'ಅವಳು, ಅವಳು' ಅಂದರಂತೆ. ಹೊಟ್ಟೆಯದು ಯಾವಾಗಲೂ ಒಂದೇ ಥರ, ಅರ್ಧ ನಿಮಿಷ. ಇನ್ನೊಂದು ಮಾತು. ಆ ಹೊತ್ತಿಗೆ 'ಇದೆಲ್ಲ ಮೊದಲೇ ನಡೆದಿದೆ' ಅಂತ ಅನ್ನಿಸುತ್ತದಂತೆ. ನಾವು ನಗುತ್ತಿದ್ದೆವು.

ಡಾಕ್ಟರ್: ಮೇಸ್ತ್ರಿಗೆ ನನ್ನ ಕಡೆಯಿಂದ ಒಂದು ಕಾಫಿ ಕೊಡಿಸಿ. ಸ್ಕ್ಯಾನಿಗಿಂತ ಜಾಸ್ತಿ ವಿಷಯ ಅವರೇ ಹೇಳಿದ್ದಾರೆ.

ನೋಡಿ, ಫಿಟ್ಸ್ ಅಂದರೆ ಮಿದುಳಿನ ನರಕೋಶಗಳಲ್ಲಿ ಕರೆಂಟು ಒಮ್ಮೆಗೇ ಜಾಸ್ತಿ ಹರಿಯುವುದು. ಅದು ಒಂದೇ ಜಾಗದಲ್ಲಿ ಶುರುವಾದರೆ ಫೋಕಲ್ ಅನ್ನುತ್ತೇವೆ. ಆ ಜಾಗದ ಕೆಲಸ ಏನೋ, ಲಕ್ಷಣವೂ ಅದೇ. ಕೈಕಾಲು ಆಡಿಸುವ ಜಾಗದಲ್ಲಿ ಶುರುವಾದರೆ ಕೈ ಅದುರುತ್ತದೆ. ಕಿವಿಯ ಪಕ್ಕ ಒಳಗಿರುವ ಟೆಂಪೊರಲ್ ಭಾಗದಲ್ಲಿ ಶುರುವಾದರೆ ಹೊಟ್ಟೆಯಿಂದ ಏನೋ ಏರಿ ಬರುತ್ತದೆ, ಕಾರಣವಿಲ್ಲದೆ ಭಯವಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಇಲ್ಲವೇ ನಿಮ್ಮ ಯಜಮಾನರಿಗೆ ಆದ ಹಾಗೆ 'ಇದು ಮೊದಲೇ ಆಗಿದೆ' ಅನ್ನಿಸುತ್ತದೆ. ಹಿಂತಲೆಯಲ್ಲಾದರೆ ಕಣ್ಣೆದುರು ಬಣ್ಣದ ಉಂಡೆಗಳು. ಕೆಲವರು ಸುಮ್ನೆ ನಿಂತುಬಿಡುತ್ತಾರೆ, ಅಷ್ಟೇ.

ಬಾಯಿ ಚಪ್ಪರಿಸಿದ್ದು, ಕೈ ಸೆಟೆದದ್ದು ಚಲನೆಯೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಅವು ಆಮೇಲೆ ಬಂದವು. 2017ರಲ್ಲಿ ಇಂಟರ್‌ನ್ಯಾಷನಲ್ ಲೀಗ್ ಅಗೇನ್ಸ್ಟ್ ಎಪಿಲೆಪ್ಸಿ ಎಂಬ ಫಿಟ್ಸ್ ತಜ್ಞರ ಸಂಘ ಮಾಡಿದ ವಿಂಗಡಣೆಯಲ್ಲಿ ಮೊದಲು ಕಂಡ ಲಕ್ಷಣಕ್ಕೇ ಬೆಲೆ ಇತ್ತು; 2025ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. 2017ರ ಲೆಕ್ಕದಲ್ಲಿ ಹೊಟ್ಟೆಯಿಂದ ಶುರುವಾದರೆ ಅದು ಚಲನೆಯಿಲ್ಲದೆ ಶುರುವಾದ ಫೋಕಲ್ ಫಿಟ್ಸ್. ಎಚ್ಚರ ಇದ್ದು ಬರೀ ಹೊಟ್ಟೆ ತಿರುಗಿದ ದಿನಗಳೂ ಸಣ್ಣ ಫಿಟ್ಸೇ ಆಗಿರಬೇಕು. ಅದೇ ಸ್ವಲ್ಪ ಹರಡಿದ ದಿನ ಎಚ್ಚರ ತಪ್ಪಿದೆ. ಹಳೆಯ ಚೀಟಿಗಳಲ್ಲಿ ಇದನ್ನೇ 'ಕಾಂಪ್ಲೆಕ್ಸ್ ಪಾರ್ಷಿಯಲ್' ಅಂತ ಬರೆಯುತ್ತಿದ್ದರು.

ಗುಂಡಿ ತಿರುಗಿಸುವ ಕೈ ಯಾವ ಕಡೆಯೋ, ಮಿದುಳಿನ ತೊಂದರೆ ಆ ಕಡೆಯೇ ಇರುವುದು ಜಾಸ್ತಿ. ಸೆಟೆಯುವ ಕೈ ಎದುರು ಬದಿಯದು. ಜೊತೆಗೆ ಮಾತು ತಡವರಿಸಿದೆ, ಅದು ಹೆಚ್ಚಿನವರಿಗೆ ಎಡ ಮಿದುಳಿನ ಕೆಲಸ. ಹಾಗಾಗಿ ಎಡ ಟೆಂಪೊರಲ್ ಮೇಲೆ ನನಗೆ ಅನುಮಾನ. ಇದು ಬರೀ ಊಹೆ. ನರರೋಗ ತಜ್ಞರು ಎದುರಿಗೆ ಕೂರಿಸಿ ನೋಡಲೇಬೇಕು. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಮೊದಲು ಹೋಗಿ. ಅಲ್ಲಿಂದ ಮೈಸೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಬರೆದುಕೊಡುತ್ತಾರೆ. ಮಿದುಳಿನ ಕರೆಂಟು ದಾಖಲಿಸುವ ಇಇಜಿ, ಮಿದುಳಿನ ಚಿತ್ರ ತೆಗೆಯುವ ಎಂಆರ್‌ಐ ಎರಡೂ ಬೇಕಾಗುತ್ತದೆ. ಇಇಜಿ ನಾರ್ಮಲ್ ಬಂತು ಅಂತ ಮನೆಗೆ ಬಂದುಬಿಡಬೇಡಿ. ಅದು ತೆಗೆಯುವ ಅರ್ಧ ಗಂಟೆಯಲ್ಲಿ ಮಿದುಳು ಸುಮ್ಮನಿದ್ದರೆ ಏನೂ ಸಿಗದೇ ಇರಬಹುದು. ಹಿಂದಿನ ರಾತ್ರಿ ನಿದ್ದೆ ಕಡಿಮೆ ಮಾಡಿಸಿ ಮತ್ತೊಮ್ಮೆ ತೆಗೆಯುತ್ತಾರೆ. ಈಗಿನಿಂದಲೇ ಒಂದು ಡೈರಿ ಇಡಿ. ಮತ್ತೆ ಹಾಗಾದರೆ ಯಾರಾದರೂ ಮೊಬೈಲಿನಲ್ಲಿ ವಿಡಿಯೋ ಮಾಡಲಿ. ಮುಖ, ಎರಡೂ ಕೈ ಕಾಣಬೇಕು.

ಅತ್ತೆಯವರ ಮಾತಿಗೆ ಜಗಳ ಮಾಡಬೇಡಿ. ಪೂಜೆ ಮಾಡಿಸಲಿ, ಆಸ್ಪತ್ರೆಗೂ ಹೋಗಿ.

ಗೋಣಿಕೊಪ್ಪದಿಂದ ಒಬ್ಬರು: ಸರ್, ಹಾಗಾದರೆ ಭಯ ಬಂದು ಎದೆ ಹೊಡೆದುಕೊಳ್ಳುವುದೂ ಫಿಟ್ಸಾ? ನನಗೆ ಅರ್ಧ ಗಂಟೆ ಹಾಗೆ ಆಗುತ್ತದೆ.

ಡಾಕ್ಟರ್: ಅರ್ಧ ಗಂಟೆ ಅಂದರೆ ಪ್ಯಾನಿಕ್, ಅಂದರೆ ವಿಪರೀತ ಗಾಬರಿಯ ಕಡೆಗೆ ಹೋಗುತ್ತದೆ. ಈ ಫಿಟ್ಸ್ ಸಾಮಾನ್ಯವಾಗಿ ಎರಡು ನಿಮಿಷ ದಾಟುವುದಿಲ್ಲ, ಪ್ರತಿ ಸಲ ಅಚ್ಚು ಒತ್ತಿದ ಹಾಗೆ ಒಂದೇ ರೀತಿ ಇರುತ್ತದೆ. ಎದೆ ಹೊಡೆತಕ್ಕೆ ಒಂದು ಇಸಿಜಿ ಮಾಡಿಸಿಕೊಳ್ಳಿ.

ವಿರಾಜಪೇಟೆಯಿಂದ ಒಬ್ಬರು: ಫಿಟ್ಸ್ ಬರುವುದು ಪಂದಿ ಕರಿಯಿಂದ (ಹಂದಿ ಸಾರಿನಿಂದ) ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನಿಜವಾ? ನಿಜವಾದರೆ ನಮ್ಮ ಕಥೆ ಮುಗಿಯಿತು.

ಡಾಕ್ಟರ್: ಮುಗಿಯಲಿಲ್ಲ, ತಟ್ಟೆ ತೆಗೆಯಬೇಡಿ. ಈ ಮಾತು ಅರ್ಧ ಸರಿ, ಅರ್ಧ ತಪ್ಪು. ಸರಿಯಾಗಿ ಬೇಯದ ಹಂದಿ ಮಾಂಸದಲ್ಲಿ ಲಾಡಿಹುಳದ ಮರಿ ಇದ್ದರೆ ಅದು ಕರುಳಿನಲ್ಲಿ ಹುಳುವಾಗಿ ಬೆಳೆಯುತ್ತದೆ. ಮಿದುಳಿನಲ್ಲಿ ಗಂಟಾಗಿ ಫಿಟ್ಸ್ ತರುವುದು ಮಾಂಸದ ಆ ಮರಿ ಅಲ್ಲ, ಆ ಹುಳುವಿನ ಮೊಟ್ಟೆ ಒಡೆದು ಬಂದ ಮರಿ. ಹುಳು ಇರುವ ಮನುಷ್ಯನ ಮಲದಿಂದ ಮೊಟ್ಟೆ ಹೊರಬಂದು, ತೊಳೆಯದ ಕೈ, ಹಸಿ ಸೊಪ್ಪು, ಕೊಳಕು ನೀರಿನಿಂದ ಬಾಯಿಗೆ ಸೇರಬೇಕು. ಅದಕ್ಕೇ ಹುಟ್ಟಿದಾಗಿನಿಂದ ಮಾಂಸ ಮುಟ್ಟದವರ ಮಿದುಳಿನಲ್ಲೂ ಈ ಗಂಟು ಕಾಣುತ್ತೇವೆ. ಕೊಡಗಿನ ಹುಳಿ ಕಾಚಂಪುಳಿ ಹಾಕಿ ಗಂಟೆಗಟ್ಟಲೆ ಕುದಿಸಿದ ಕರಿಯಲ್ಲಿ ಮರಿ ಬದುಕುವುದಿಲ್ಲ. ಸಂತೆಯಿಂದ ತಂದ ಕೊತ್ತಂಬರಿ ಸೊಪ್ಪು ಚೆನ್ನಾಗಿ ತೊಳೆಯಿರಿ. ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಸರಿಯಾದ ಶೌಚಾಲಯ ಕಟ್ಟಿಸಿ. ನನ್ನ ಪ್ರಕಾರ ಊಟ ಬಿಡುವುದಕ್ಕಿಂತ ಅದು ದೊಡ್ಡ ಔಷಧಿ.

ಸೋಮವಾರಪೇಟೆಯಿಂದ ಒಬ್ಬರು: ನನ್ನ ಮಗಳಿಗೆ 9 ವರ್ಷ ಡಾಕ್ಟ್ರೇ. ಬೇರೆ ಯಾವಾಗಲೂ ಏನಿಲ್ಲ. ಮಳೆಗಾಲದಲ್ಲಿ ಹಂಡೆ ನೀರು ಚೊಂಬಿನಲ್ಲಿ ತಲೆಗೆ ಹೊಯ್ದಾಗ ಮಾತ್ರ ಮಂಕಾಗಿ ನೋಡುತ್ತಾಳೆ, ಸಂಬಂಧ ಇಲ್ಲದ ಮಾತು ಆಡುತ್ತಾಳೆ. ಕೆಲವು ಸಲ 'ಇನ್ನೂ ಹಾಕು' ಅಂತ ಹಟ ಮಾಡುತ್ತಾಳೆ. ನಾಟಕ ಅಂತ ಎರಡು ಬಾರಿಸಿದ್ದೂ ಉಂಟು.

ಡಾಕ್ಟರ್: ಇನ್ನು ಮೇಲೆ ಬಾರಿಸಬೇಡಿ. ಇದಕ್ಕೆ ಬಿಸಿನೀರಿನ ಅಪಸ್ಮಾರ ಅಂತಲೇ ಹೆಸರಿದೆ. ದಕ್ಷಿಣ ಕರ್ನಾಟಕದಲ್ಲಿ ಜಾಸ್ತಿ ಕಾಣುತ್ತದೆ. ನಿಮ್ಹಾನ್ಸ್ ವೈದ್ಯರು ಇದರ ಬಗ್ಗೆ ಬಹಳ ಅಧ್ಯಯನ ಮಾಡಿದ್ದಾರೆ. ಇದೂ ಹೆಚ್ಚಾಗಿ ಫೋಕಲ್ಲೇ. ತಲೆಯ ಮೇಲೆ ಬಿಸಿನೀರು ಒಂದೇ ಸಮ ಬೀಳುವುದೇ ಕಿಡಿ. ಕೆಲವರಿಗೆ ಆ ಹೊತ್ತಿನಲ್ಲಿ ಒಂಥರಾ ಹಿತವಾಗುತ್ತದೆ, ಅದಕ್ಕೇ ತಾವೇ ಸುರಿದುಕೊಳ್ಳುತ್ತಾ ಇರುತ್ತಾರೆ. ನಿಮ್ಮ ಮಗಳ ಹಟ ಅದೇ ಇರಬಹುದು.

ಕೊಡಗಿನ ಜುಲೈ ಚಳಿಯಲ್ಲಿ ತಣ್ಣೀರು ಹಾಕಿ ಅಂದರೆ ನನ್ನ ತಾಯಿಯೇ ಒಪ್ಪುತ್ತಿರಲಿಲ್ಲ. ಉಗುರುಬೆಚ್ಚಗಿನ ನೀರು ಸಾಕು. ಮೈಗೆ ಬೇರೆ, ತಲೆಗೆ ಬೇರೆ. ತಲೆಗೆ ಚೊಂಬಿನಿಂದ ಹೊಯ್ಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ ತೊಳೆಯಿರಿ. ಬಚ್ಚಲಿನ ಚಿಲಕ ಬೇಡ, ಉರಿಯುವ ಒಲೆಯಿಂದ ದೂರ ಕೂರಿಸಿ. ಇಷ್ಟಕ್ಕೇ ಹಲವರಿಗೆ ನಿಲ್ಲುತ್ತದೆ. ಕೆಲವರಿಗೆ ತಲೆಸ್ನಾನಕ್ಕೆ ಮೊದಲು ಮಾತ್ರ ಒಂದು ಮಾತ್ರೆ ಕೊಡುತ್ತೇವೆ. ಅದನ್ನು ಮಗುವನ್ನು ನೋಡಿದವರೇ ಬರೆಯಬೇಕು. ಮದುವೆಯ ಚಿಂತೆ ಈಗಲೇ ಮಾಡುವವರಿಗೂ ಒಂದು ಮಾತು. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರ ಇದ್ದವರ ಮದುವೆಗೆ ಇದ್ದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದ್ದಾರೆ.

ಪ್ರಶ್ನೆ ಕೇಳಿದವರು: ಡಾಕ್ಟ್ರೇ, ಮತ್ತೆ ಹಾಗಾದರೆ ಆ ಹೊತ್ತಿಗೆ ನಾವು ಏನು ಮಾಡಬೇಕು? ಮೇಸ್ತ್ರಿ ಕಬ್ಬಿಣದ ಬೀಗದಕೈ ಹಿಡಿಸಿದ್ದರಂತೆ.

ಡಾಕ್ಟರ್: ಬೀಗದಕೈ, ಚಪ್ಪಲಿ, ಈರುಳ್ಳಿ ಯಾವುದೂ ಬೇಡ. ಒಂದು ನಿಮಿಷಕ್ಕೆ ಫಿಟ್ಸ್ ತಾನಾಗಿಯೇ ನಿಲ್ಲುತ್ತದೆ, ಹೆಸರು ಮಾತ್ರ ಬೀಗದಕೈಗೆ. ಬಿಗಿಯಾಗಿ ಹಿಡಿಯಬೇಡಿ, ತಳ್ಳಾಡಬಹುದು. ಮೆಲ್ಲಗೆ ಭುಜ ಹಿಡಿದು ಒಲೆ, ಕೆರೆ, ರಸ್ತೆಯಿಂದ ಆಚೆ ಕರೆದುಕೊಂಡು ಹೋಗಿ. ಪೂರ್ತಿ ಎಚ್ಚರ ಬರುವವರೆಗೆ ನೀರು ಕುಡಿಸಬೇಡಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೆ 108ಕ್ಕೆ ಫೋನ್ ಮಾಡಿ. ಎಸ್ಟೇಟಿನಿಂದ ಆಸ್ಪತ್ರೆ ದೂರ ಇರುವವರು ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಾಜೊಲಾಂ ಸ್ಪ್ರೇ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.

ಸದ್ಯಕ್ಕೆ ಬೈಕ್, ಜೀಪು ಎರಡೂ ಬಿಡಲಿ. ಲೈಸೆನ್ಸ್ ಅರ್ಜಿಯಲ್ಲೇ ಈ ಕಾಯಿಲೆಯ ಪ್ರಶ್ನೆ ಇದೆ. ಆದರೆ ಕಾನೂನಿಗಿಂತ ನನಗೆ ಮಡಿಕೇರಿ ಘಾಟಿಯ ತಿರುವಿನದೇ ಭಯ. ಮನೆಯಲ್ಲಿ ಕೋವಿ ಇದ್ದರೆ ಬೀಗ ಹಾಕಿ ಕೀ ನೀವು ಇಟ್ಟುಕೊಳ್ಳಿ. ಬೆಳಗ್ಗೆ ಒಬ್ಬರೇ ತೋಟದೊಳಗೆ ಹೋಗುವುದು ಬೇಡ. ಆನೆ ಎದುರಾದ ಹೊತ್ತಿಗೇ ಆ ಒಂದು ನಿಮಿಷ ಬಂದರೆ ಕಷ್ಟ.

ಪ್ರಶ್ನೆ ಕೇಳಿದವರು (ಆರು ವಾರದ ನಂತರ): ಮೈಸೂರಿನಲ್ಲಿ ತೋರಿಸಿದೆವು. ಮೊದಲ ಇಇಜಿ ನಾರ್ಮಲ್. ಎರಡನೆಯದರಲ್ಲಿ ಎಡ ಟೆಂಪೊರಲ್ ಅಂತ ಬಂತು. ಲೆವೆಟಿರಾಸಿಟಮ್ ಅನ್ನುವ ಫಿಟ್ಸ್ ಮಾತ್ರೆ ಕೊಟ್ಟಿದ್ದಾರೆ. ಹೊಟ್ಟೆಯದು ನಿಂತಿದೆ, ಆದರೆ ಸಣ್ಣದಕ್ಕೂ ರೇಗುತ್ತಾರೆ. ಮಾತ್ರೆ ನಿಲ್ಲಿಸೋಣವಾ? ಇನ್ನೊಂದು, ಕಾಳುಮೆಣಸು ಕೊಯ್ಲು ಶುರುವಾಯಿತು. ಆಳು ಸಿಗುತ್ತಿಲ್ಲ, ತಾನೇ ಏಣಿ ಹತ್ತುತ್ತೇನೆ ಅನ್ನುತ್ತಿದ್ದಾರೆ.

ಡಾಕ್ಟರ್: ನೀವಾಗಿ ನಿಲ್ಲಿಸಬೇಡಿ. ಒಮ್ಮೆಗೇ ನಿಲ್ಲಿಸಿದರೆ ದೊಡ್ಡ ಫಿಟ್ಸ್ ಬರಬಹುದು. ರೇಗುವುದು ಆ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮ. ಮೈಸೂರಿನ ಡಾಕ್ಟರಿಗೆ ಇದೇ ವಾರ ಹೇಳಿ, ಡೋಸ್ ಬದಲಿಸುತ್ತಾರೆ ಅಥವಾ ಬೇರೆ ಮಾತ್ರೆಗೆ ನಿಧಾನವಾಗಿ ದಾಟಿಸುತ್ತಾರೆ. ಏಣಿ ಈ ವರ್ಷ ಬೇಡವೇ ಬೇಡ. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿ, ನೆಟ್ಟಗಿದ್ದವರಿಗೇ ಕಷ್ಟ. ಕೆಳಗೆ ನಿಂತು ತೂಕದ ಪುಸ್ತಕ ಬರೆಯಲಿ. ಪಕ್ಕದಲ್ಲಿ ಆ ಮೇಸ್ತ್ರಿಯೇ ಇರಲಿ.