ಅಪ್‌ಡೇಟ್: ಡೇಟಾಬೇಸ್ ವಿಎಂಗಳು ಈಗ ಎಸ್‌ಎಸ್‌ಡಿ ಮೇಲೇ ಕೂರುತ್ತಿವೆ

ದಾವಣಗೆರೆಯ ನಮ್ಮ ಆಫೀಸಿನ ಓಪನ್‌ಸ್ಟ್ಯಾಕ್‌ನಲ್ಲಿ (ಸ್ವಂತ ಸರ್ವರ್‌ಗಳಲ್ಲೇ ಕ್ಲೌಡ್ ನಡೆಸುವ ಸಾಫ್ಟ್‌ವೇರ್) ಹಾರ್ಡ್‌ಡಿಸ್ಕ್ ಸರ್ವರ್, ವೇಗದ ಎಸ್‌ಎಸ್‌ಡಿ ಸರ್ವರ್ ಎರಡೂ ಇವೆ, ಡೇಟಾಬೇಸ್ ವಿಎಂ (ವರ್ಚುವಲ್ ಮಷೀನ್, ಸರ್ವರ್‌ನೊಳಗೆ ಓಡುವ ಸಾಫ್ಟ್‌ವೇರ್ ಕಂಪ್ಯೂಟರ್) ಹೋಗಿ ಹಾರ್ಡ್‌ಡಿಸ್ಕ್ ಮೇಲೆ ಕೂರುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಹೋಸ್ಟ್ ಅಗ್ರಿಗೇಟ್ (ಸರ್ವರ್‌ಗಳ ಗುಂಪು) ಮಾಡಿ ಅನ್ನೋ ಸಲಹೆಯೇ ಕೈಹಿಡಿಯಿತು. ಎಸ್‌ಎಸ್‌ಡಿ ಸರ್ವರ್‌ಗಳನ್ನು ಒಂದು ಅಗ್ರಿಗೇಟ್‌ಗೆ ಸೇರಿಸಿ ಮೆಟಾಡೇಟಾ, ಅಂದರೆ ಒಂದು ಗುರುತು, ಹಾಕಿದೆವು. ಡೇಟಾಬೇಸ್ ಫ್ಲೇವರ್‌ನ (ವಿಎಂನ ಅಳತೆ ಹೇಳುವ ಟೆಂಪ್ಲೇಟ್) ಎಕ್ಸ್‌ಟ್ರಾ ಸ್ಪೆಕ್‌ನಲ್ಲೂ, ಅಂದರೆ ಹೆಚ್ಚುವರಿ ಷರತ್ತಿನಲ್ಲೂ, ಅದನ್ನೇ ಬರೆದೆವು. ಇವೆರಡನ್ನೂ ತಾಳೆ ನೋಡುವ ಫಿಲ್ಟರ್ ನೋವಾದಲ್ಲಿ (ಓಪನ್‌ಸ್ಟ್ಯಾಕ್‌ನಲ್ಲಿ ವಿಎಂ ನಡೆಸುವ ಭಾಗ) ತಾನಾಗಿ ಆನ್ ಇರಲ್ಲ, ವಿಎಂ ಯಾವ ಸರ್ವರ್‌ಗೆ ಅಂತ ಆರಿಸುವ ಶೆಡ್ಯೂಲರ್‌ನ ಕಾನ್ಫಿಗ್‌ನಲ್ಲಿ ಸೇರಿಸಬೇಕು. ಸ್ಪೆಕ್ ಇಲ್ಲದ ಫ್ಲೇವರ್‌ಗೆ ಮಾತ್ರ ಯಾವ ತಡೆಯೂ ಇಲ್ಲ. ಟೆಸ್ಟಿಂಗ್ ವಿಎಂಗಳು ಸುಮ್ನೆ ಬಂದು, ಬಸ್ಸಿನಲ್ಲಿ ಟವೆಲ್ ಹಾಕಿದ ಹಾಗೆ, ಎಸ್‌ಎಸ್‌ಡಿ ಜಾಗ ಹಿಡಿಯುತ್ತಿದ್ದವು. ಹಾಗಾಗಿ ಹಾರ್ಡ್‌ಡಿಸ್ಕ್ ಸರ್ವರ್‌ಗಳಿಗೂ ಬೇರೆ ಅಗ್ರಿಗೇಟ್ ಮಾಡಿ, ಉಳಿದ ಫ್ಲೇವರ್‌ಗಳನ್ನು ಅಲ್ಲಿಗೆ ಕಟ್ಟಿದೆವು.

ಜಾಸ್ತಿ ತಲೆ ತಿಂದಿದ್ದು ಲೈವ್ ಮೈಗ್ರೇಷನ್, ಅಂದರೆ ಓಡುತ್ತಿರುವ ವಿಎಂಅನ್ನು ನಿಲ್ಲಿಸದೆ ಬೇರೆ ಸರ್ವರ್‌ಗೆ ಸಾಗಿಸೋದು. ಎಸ್‌ಎಸ್‌ಡಿ ಸರ್ವರ್‌ಗಳಲ್ಲೇ ಎರಡು ತಲೆಮಾರಿನ ಇಂಟೆಲ್ ಸಿಪಿಯು ಇವೆ. ಹೊಸದರಲ್ಲಿ ಶುರುವಾದ ವಿಎಂ ಹಳೇದಕ್ಕೆ ಹೋಗಲ್ಲ, ಸಿಪಿಯು ಹೊಂದಲ್ಲ ಅಂತ ಎರರ್. ಕೆವಿಎಂ (ಲಿನಕ್ಸ್‌ನಲ್ಲಿ ವಿಎಂ ಓಡಿಸುವ ವ್ಯವಸ್ಥೆ) ಇದ್ದಾಗ ನೋವಾ ಡೀಫಾಲ್ಟ್ ಆಗಿ ವಿಎಂಗೆ ಆ ಹೋಸ್ಟ್‌ನ ಸಿಪಿಯು ಮಾಡೆಲನ್ನೇ ತೋರಿಸುತ್ತದೆ. ಹೊಸದರಲ್ಲಿ ಎವಿಎಕ್ಸ್-512 (ಭಾರೀ ಲೆಕ್ಕಗಳಿಗೆ ಇರುವ ಸಿಪಿಯು ಸೂಚನೆಗಳು) ಇದೆ, ಹಳೇದರಲ್ಲಿ ಇಲ್ಲ. ಎಲ್ಲ ಕಂಪ್ಯೂಟ್ ನೋಡ್‌ಗಳಲ್ಲೂ (ವಿಎಂ ಓಡುವ ಸರ್ವರ್‌ಗಳು) ಸಿಪಿಯು ಮೋಡನ್ನು ಕಸ್ಟಮ್ ಮಾಡಿ, ಎರಡಕ್ಕೂ ಆಗುವ ಹ್ಯಾಸ್‌ವೆಲ್ (ಇಂಟೆಲ್‌ನ ಹಳೇ ಸಿಪಿಯು ತಲೆಮಾರು) ಮಾಡೆಲ್ ಕೊಟ್ಟ ಮೇಲೆ ಸರಿಹೋಯಿತು. ಮೊದಲೇ ಓಡುತ್ತಿರುವ ವಿಎಂಗೆ ಈ ಬದಲಾವಣೆ ತಾಗಬೇಕಾದರೆ ಓಪನ್‌ಸ್ಟ್ಯಾಕ್‌ನಿಂದಲೇ ಹಾರ್ಡ್ ರೀಬೂಟ್ ಬೇಕು, ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು.

ಎವಿಎಕ್ಸ್-512 ಹೋಯಿತಲ್ಲ ಅಂತ ಕೇಳಬೇಡಿ. ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್, ಅದಕ್ಕೆ ಅದೆಲ್ಲ ಯಾಕೆ ಅಲ್ವಾ?