ಬೆಂಗಳೂರಿಗೆ ಪಂದ್ಯ ನೋಡಲು ಹೋಗುವ ಹಾಸನದವರು ಎಲ್ಲಿ ಕೂರಬೇಕು, ಗೆದ್ದರೆ ಎಲ್ಲಿ ಸಂಭ್ರಮಿಸಬೇಕು?

ಪ್ರಶ್ನೆ, ಹಾಸನದ ವಿದ್ಯಾನಗರದಿಂದ:

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಆಡುವ ಐಪಿಎಲ್ ಪಂದ್ಯವೊಂದಕ್ಕೆ ನಾವು ಎರಡು ಕುಟುಂಬದವರು ಹೊರಡುವ ಯೋಚನೆಯಲ್ಲಿದ್ದೇವೆ. ಎಲ್ಲರಿಗೂ ಟಿಕೆಟ್ ಸಿಗುವ ಭರವಸೆ ಇಲ್ಲ. ಟಿಕೆಟ್ ಇಲ್ಲದವರಲ್ಲಿ ವಯಸ್ಸಾದ ನನ್ನ ತಂದೆಯವರೂ ಕಾಲೇಜು ಓದುವ ಇಬ್ಬರು ಹೆಣ್ಣುಮಕ್ಕಳೂ ಇರುತ್ತಾರೆ. ಅವರು ಪಂದ್ಯವನ್ನು ಎಲ್ಲಿ ಕುಳಿತು ನೋಡಬಹುದು, ಗೆದ್ದರೆ ಎಲ್ಲರೂ ಒಟ್ಟುಗೂಡಿ ಸಂಭ್ರಮಿಸಲು ಸುರಕ್ಷಿತವಾದ ಜಾಗ ಯಾವುದು, ಅದೇ ರಾತ್ರಿ ಹಾಸನಕ್ಕೆ ಮರಳಬಹುದೇ ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಿಕೊಡಿ.

ಹಾಸನದ ಕೆ.ಆರ್. ಪುರಂನಿಂದ:

ಟಿಕೆಟ್ ಇಲ್ಲದವರು ಕ್ರೀಡಾಂಗಣದ ಹತ್ತಿರ ನಿಂತಾದರೂ ಆ ಸದ್ದನ್ನು ಕೇಳೋಣ ಎಂಬ ಆಸೆಯನ್ನು ಬಿಟ್ಟು, ಸಂಜೆ ಏಳರೊಳಗೆ ತಾವು ನೋಡುವ ಜಾಗದಲ್ಲಿ ಹೋಗಿ ಕುಳಿತಿರಬೇಕು ಎಂಬುದು ನನ್ನ ಮೊದಲ ಸಲಹೆ. ಕ್ವೀನ್ಸ್ ರಸ್ತೆಯಲ್ಲೋ ಕಬ್ಬನ್ ರಸ್ತೆಯಲ್ಲೋ ನಿಂತವರಿಗೆ ಒಳಗಿನ ಕೂಗು ಕೇಳುತ್ತದೆಯೇ ಹೊರತು ಹೊಡೆದದ್ದು ಸಿಕ್ಸರೋ ಬಿದ್ದದ್ದು ವಿಕೆಟ್ಟೋ ತಿಳಿಯುವುದಿಲ್ಲ. ಮೊಬೈಲಿನಲ್ಲಿ ನೋಡೋಣವೆಂದರೆ ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಸಿಗುವುದೂ ಕಷ್ಟ.

ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮಾರ್ಗದ ರೈಲಿನಲ್ಲಿ ಹೋಗಿ ಯಶವಂತಪುರದಲ್ಲಿ ಇಳಿದರೆ, ಹಸಿರು ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್ ತಲುಪಿ, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ಕ್ರೀಡಾಂಗಣ ಅಲ್ಲಿಂದ ಕೂಗಳತೆಯಲ್ಲಿದೆ. ಮಧ್ಯಾಹ್ನವೇ ತಲುಪಿದರೆ ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೋಟೆಲಿನಲ್ಲಿ ಮರದ ನೆರಳಿನಲ್ಲಿ ಕುಳಿತು ದೋಸೆ, ಕಾಫಿ ಮುಗಿಸಿಕೊಳ್ಳಿ. ಹಿರಿಯರಿಗೆ ಸ್ವಲ್ಪ ವಿಶ್ರಾಂತಿಯೂ ಸಿಗುತ್ತದೆ.

ಪಂದ್ಯ ನೋಡಲು ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ ಮತ್ತು ಇಂದಿರಾನಗರದ ಪಬ್‌ಗಳಲ್ಲಿ ದೊಡ್ಡ ಪರದೆಗಳಿರುತ್ತವೆ. ಯುವಕರ ಗುಂಪಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಗುರುತು ಪರಿಚಯವಿಲ್ಲದವರೆಲ್ಲ ಒಂದೇ ಜೆರ್ಸಿಯಲ್ಲಿ ಕುಳಿತು ಪ್ರತಿ ಚೆಂಡಿಗೂ ಒಟ್ಟಿಗೆ ಕೂಗುವ ಸುಖ ಮನೆಯ ಟಿವಿಯ ಮುಂದೆ ಸಿಗುವುದಿಲ್ಲ. ಆದರೆ ಪಂದ್ಯದ ದಿನ ಮೇಜನ್ನು ಮುಂಚಿತವಾಗಿ ಕಾದಿರಿಸಬೇಕಾಗುತ್ತದೆ, ಹಲವು ಕಡೆ ತಲೆಗಿಷ್ಟು ಎಂದು ಕವರ್ ಚಾರ್ಜ್ ಇರುತ್ತದೆ, ಮತ್ತು ಆ ಗದ್ದಲದಲ್ಲಿ ನಿಮ್ಮ ತಂದೆಯವರು ಮೂರೂವರೆ ಗಂಟೆ ಕೂರುವುದು ಕಷ್ಟವೆಂದೇ ನನ್ನ ಅನಿಸಿಕೆ.

ಮಳೆಯ ವಿಷಯದಲ್ಲಿ ಒಂದು ಮಾತು. 2024ರ ಮೇ 18ರಂದು ಚೆನ್ನೈ ವಿರುದ್ಧದ ಪಂದ್ಯವನ್ನು ನಾವು ಚರ್ಚ್ ಸ್ಟ್ರೀಟಿನಲ್ಲಿ ನೋಡುತ್ತಿದ್ದಾಗ, ಮೂರು ಓವರ್ ಮುಗಿಯುವಷ್ಟರಲ್ಲಿ ಮಳೆ ಶುರುವಾಗಿ, ಪಕ್ಕದ ಮೇಜಿನವರು ಇನ್ನು ಆಟ ನಡೆಯದು ಎಂದು ಬಿಲ್ ಕೊಟ್ಟು ಎದ್ದುಹೋದರು. ಚಿನ್ನಸ್ವಾಮಿಯ ಹುಲ್ಲಿನಡಿಯ ಕೊಳವೆಗಳಿಂದ ನೀರನ್ನು ಯಂತ್ರದ ಮೂಲಕ ಎಳೆದು ಹೊರಹಾಕುವ ಸಬ್‌ಏರ್ ವ್ಯವಸ್ಥೆ 2017ರಿಂದಲೇ ಇರುವುದರಿಂದ, ಮಳೆ ನಿಂತ ಮೇಲೆ ಮೈದಾನ ಬೇಗನೆ ಆಟಕ್ಕೆ ಸಿದ್ಧವಾಗುತ್ತದೆ. ಅಂದು ಇಪ್ಪತ್ತು ಓವರುಗಳ ಪೂರ್ಣ ಪಂದ್ಯವೇ ನಡೆದು, ಆರ್‌ಸಿಬಿ 27 ರನ್ನುಗಳಿಂದ ಗೆದ್ದು ಪ್ಲೇ ಆಫ್ ತಲುಪಿತು. ಹಾಗೆಂದು ಪ್ರತಿ ಬಾರಿಯೂ ಹೀಗೆಯೇ ಆಗುವುದಿಲ್ಲ. 2025ರ ಮೇ 17ರಂದು, ಟೆಸ್ಟ್ ಕ್ರಿಕೆಟ್‌ಗೆ ವಿದಾಯ ಹೇಳಿದ್ದ ಕೊಹ್ಲಿಯವರ ಗೌರವಾರ್ಥ ಬಿಳಿ ಅಂಗಿ ತೊಟ್ಟು ಬಂದಿದ್ದ ಸಾವಿರಾರು ಜನ ಒಂದು ಚೆಂಡನ್ನೂ ನೋಡದೆ ಹಿಂದಿರುಗಬೇಕಾಯಿತು. ಮೋಡವಿದ್ದ ದಿನ ಮಳೆ ನಿಲ್ಲುವವರೆಗೂ ಕಾಯಬಹುದಾದಂಥ, ಮೇಲೆ ಸೂರು ಇರುವ ಜಾಗವನ್ನೇ ಆರಿಸಿಕೊಳ್ಳಿ.

ಚನ್ನರಾಯಪಟ್ಟಣದಿಂದ:

ಹೆಣ್ಣುಮಕ್ಕಳೂ ಹಿರಿಯರೂ ಇರುವುದರಿಂದ ನಾನು ಬೇರೆಯದೇ ದಾರಿ ಹೇಳುತ್ತೇನೆ. 2023ರ ವಿಶ್ವಕಪ್‌ನಲ್ಲಿ ಭಾರತದ ಪಂದ್ಯಗಳನ್ನು ಪಿವಿಆರ್ ಐನಾಕ್ಸ್ ಚಿತ್ರಮಂದಿರಗಳಲ್ಲಿ ನೇರವಾಗಿ ತೋರಿಸಿದ್ದರು. ನೀವು ಹೋಗುವ ದಿನ ಅಂಥ ಪ್ರದರ್ಶನವಿದೆಯೇ ಎಂದು ಮೊದಲೇ ವಿಚಾರಿಸಿ. ಇದ್ದರೆ ಒರಗಿ ಕೂರುವ ಕುರ್ಚಿ, ಸ್ವಚ್ಛವಾದ ಶೌಚಾಲಯ, ನಂಬರ್ ಇರುವ ಆಸನ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಪಂದ್ಯ ನೋಡುವ ಜಾಗದ ಬಗ್ಗೆ ಮಾತನಾಡುವಾಗ ಗಂಡಸರು ಶೌಚಾಲಯದ ಮಾತನ್ನೇ ಎತ್ತುವುದಿಲ್ಲ. ನಮಗೆ ಅದೇ ಮೊದಲ ಪ್ರಶ್ನೆಯಾಗಿರುತ್ತದೆ.

ಇದಕ್ಕಿಂತಲೂ ನನಗೆ ಪ್ರಿಯವಾದದ್ದು ನೆಂಟರ ಮನೆ. ರಾಜಾಜಿನಗರ, ವಿಜಯನಗರ, ನಾಗರಬಾವಿ, ದಾಸರಹಳ್ಳಿ ಕಡೆ ಹಾಸನ ಜಿಲ್ಲೆಯವರ ಮನೆಗಳಿಗೆ ಬರವಿಲ್ಲ, ಮತ್ತು ಈಗ ಅನೇಕ ಅಪಾರ್ಟ್‌ಮೆಂಟ್‌ಗಳ ಸಭಾಂಗಣಗಳಲ್ಲಿ ಪ್ರೊಜೆಕ್ಟರ್ ಹಾಕಿ ದೊಡ್ಡ ಪಂದ್ಯಗಳನ್ನು ತೋರಿಸುತ್ತಾರೆ. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಸ್ಮೃತಿ ಮಂಧಾನ ನಾಯಕತ್ವದ ಆರ್‌ಸಿಬಿ ಮಹಿಳಾ ತಂಡ ಡೆಲ್ಲಿ ಕ್ಯಾಪಿಟಲ್ಸನ್ನು ಎಂಟು ವಿಕೆಟ್‌ಗಳಿಂದ ಸೋಲಿಸಿ ಕಪ್ ಗೆದ್ದಾಗ ನಾನು ನನ್ನ ಅಕ್ಕನ ಅಪಾರ್ಟ್‌ಮೆಂಟಿನಲ್ಲಿದ್ದೆ. ಗೆಲುವಿನ ರನ್ ಬಂದ ಕೂಡಲೇ ಮಕ್ಕಳು ಪರದೆಯ ಮುಂದೆ ಓಡಿಹೋಗಿ ಕುಣಿಯತೊಡಗಿದ್ದರಿಂದ, ಬಿಳಿ ಪರದೆಯ ತುಂಬ ಅವರ ನೆರಳೇ ಕಾಣಿಸುತ್ತಿತ್ತು. ಆಟಗಾರ್ತಿಯರು ಮೈದಾನಕ್ಕೆ ನುಗ್ಗಿದ್ದನ್ನು ನಾವು ಮರುಪ್ರಸಾರದಲ್ಲಿ ನೋಡಿದೆವು. ಅಜ್ಜಿಯರಿಗೆ ಕುರ್ಚಿ, ಹುಡುಗಿಯರಿಗೆ ಭಯವಿಲ್ಲದೆ ಕುಣಿಯಲು ಅಂಗಳ, ಪಕ್ಕದಲ್ಲೇ ಊಟ, ಎಲ್ಲವೂ ಇದ್ದ ಆ ರಾತ್ರಿಯಂಥ ಸಂಭ್ರಮವನ್ನು ನಾನು ಯಾವ ರಸ್ತೆಯಲ್ಲೂ ಕಂಡಿಲ್ಲ.

ಅರಸೀಕೆರೆಯಿಂದ:

ಸಂಭ್ರಮಿಸುವ ಜಾಗದ ಬಗ್ಗೆ ಕೇಳಿದ್ದೀರಿ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ ಆರು ರನ್ನುಗಳಿಂದ ಗೆದ್ದು ಆರ್‌ಸಿಬಿ ಹದಿನೆಂಟನೆಯ ಋತುವಿನಲ್ಲಿ ಮೊದಲ ಕಪ್ ಪಡೆಯಿತು. ಮರುದಿನ ತಂಡವನ್ನು ಕಾಣಲು ಬಂದ ಲಕ್ಷಾಂತರ ಜನರ ನಡುವೆ, ಚಿನ್ನಸ್ವಾಮಿಯ ಗೇಟುಗಳ ಹೊರಗೆ ಆದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಚಿಕ್ಕ ವಯಸ್ಸಿನವರು, ನಮ್ಮ ಜಿಲ್ಲೆಯ ಮೂಲದವರೂ ಅವರಲ್ಲಿದ್ದರು. ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಆದರೆ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದನ್ನು ಹೇಳದೆ ಇರುವುದು ಸರಿಯಲ್ಲ.

ಜನ ಒತ್ತೊತ್ತಾಗಿ ನಿಂತಾಗ ಬೀಳುವುದಕ್ಕಿಂತ ಮೊದಲೇ ಉಸಿರು ಕಟ್ಟತೊಡಗುತ್ತದೆ. ಎದೆಗೆ ಹಿಗ್ಗಲು ಜಾಗವಿಲ್ಲದಾಗ ಎಷ್ಟೇ ಗಟ್ಟಿಮುಟ್ಟಾದ ಯುವಕನಾದರೂ ನಿಂತಲ್ಲೇ ಸೋಲುತ್ತಾನೆ. ಹಿಂದಿನವರಿಗೆ ಮುಂದಿನವರ ಪರಿಸ್ಥಿತಿ ಕಾಣುವುದಿಲ್ಲವಾದ್ದರಿಂದ ಅವರು ತಳ್ಳುತ್ತಲೇ ಇರುತ್ತಾರೆ. ಆದ್ದರಿಂದ ಭುಜಕ್ಕೆ ಭುಜ ತಾಗಿ, ನಿಮ್ಮ ಇಷ್ಟದಂತೆ ಹೆಜ್ಜೆ ಇಡಲು ಆಗುತ್ತಿಲ್ಲ ಎನಿಸಿದ ಕ್ಷಣವೇ, ಕಪ್ಪೇ ಎದುರಿಗೆ ಬಂದಿದ್ದರೂ ಸರಿ, ಓರೆಯಾಗಿ ಸರಿದು ಜನಸಂದಣಿಯ ಅಂಚಿಗೆ ಬನ್ನಿ. ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿದರೆ ಉಸಿರಾಡಲು ಅಷ್ಟು ಜಾಗ ಉಳಿಯುತ್ತದೆ. ಯಾವುದಾದರೂ ಗೇಟಿನಲ್ಲಿ ಉಚಿತವಾಗಿ ಒಳಗೆ ಬಿಡುತ್ತಾರಂತೆ ಎಂಬ ಮಾತು ಕಿವಿಗೆ ಬಿದ್ದರೆ ಆ ದಿಕ್ಕಿಗೆ ಹೋಗಲೇಬೇಡಿ.

ಗೆದ್ದ ರಾತ್ರಿ ಸೇರಲು ನಾನು ಸೂಚಿಸುವುದು, ಪಂದ್ಯ ನೋಡಿದ ಜಾಗದಲ್ಲೇ ಇನ್ನೊಂದು ಅರ್ಧ ಗಂಟೆ ಕಳೆದು, ಜನ ಕರಗಿದ ಮೇಲೆ ಚರ್ಚ್ ಸ್ಟ್ರೀಟಿನ ಎಂಪೈರ್‌ನಂಥ ತಡರಾತ್ರಿಯವರೆಗೂ ತೆರೆದಿರುವ ಹೋಟೆಲಿನಲ್ಲಿ ಒಟ್ಟಿಗೆ ಊಟ ಮಾಡುವುದನ್ನು. ಕಬ್ಬನ್ ಪಾರ್ಕಿನೊಳಗೆ ಕತ್ತಲಾದ ಮೇಲೆ ಸೇರುವ ಯೋಚನೆ ಬೇಡ.

ಜಾವಗಲ್‌ನಿಂದ:

ಮರಳುವ ಬಗೆಯನ್ನು ಹೇಳುತ್ತೇನೆ. ಏಳೂವರೆಗೆ ಆರಂಭವಾದ ಪಂದ್ಯ ಮುಗಿಯುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಪಂದ್ಯದ ದಿನಗಳಲ್ಲಿ ಮೆಟ್ರೊದ ಕೊನೆಯ ರೈಲಿನ ವೇಳೆಯನ್ನು ವಿಸ್ತರಿಸುವುದುಂಟು, ಆದರೆ ಅದನ್ನು ಆಯಾ ದಿನದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಎಲ್ಲರೂ ಕಬ್ಬನ್ ಪಾರ್ಕ್ ಮತ್ತು ಎಂ.ಜಿ. ರಸ್ತೆ ನಿಲ್ದಾಣಗಳಿಗೇ ನುಗ್ಗುತ್ತಾರೆ. ನಡೆಯಲು ಶಕ್ತರಾದವರು ಎಂ.ಜಿ. ರಸ್ತೆಯಲ್ಲಿ ಹಿಂದಕ್ಕೆ ಟ್ರಿನಿಟಿ ನಿಲ್ದಾಣದವರೆಗೆ ನಡೆದರೆ, ಮೆಜೆಸ್ಟಿಕ್ ಕಡೆಗೆ ಹೋಗುವ ರೈಲು ಮೊದಲು ಅಲ್ಲಿಗೇ ಬರುವುದರಿಂದ, ಜನ ತುಂಬುವ ಮುನ್ನವೇ ಒಳಗೆ ಜಾಗ ಸಿಗುತ್ತದೆ. ಮುಂದಿನ ವಿಧಾನಸೌಧ ನಿಲ್ದಾಣಕ್ಕೆ ನಡೆದವರಿಗೆ ಈಗಾಗಲೇ ತುಂಬಿ ಬಂದ ರೈಲೇ ಗತಿ.

ಮೆಜೆಸ್ಟಿಕ್‌ನಿಂದ ರಾತ್ರಿ ಮಂಗಳೂರು, ಧರ್ಮಸ್ಥಳದ ಕಡೆಗೆ ಹೊರಡುವ ಬಸ್ಸುಗಳು ಹಾಸನದ ಮೇಲೆಯೇ ಹೋಗುತ್ತವೆ. ಮುಂಗಡ ಕಾದಿರಿಸುವಾಗ ಮಧ್ಯರಾತ್ರಿ ದಾಟಿದ ಬಸ್ಸನ್ನೇ ಆರಿಸಿಕೊಳ್ಳಿ. ಹತ್ತೂವರೆಯ ಬಸ್ಸಿಗೆಂದು ಕೊನೆಯ ಓವರುಗಳನ್ನು ಬಿಟ್ಟು ಓಡಬಾರದು ಎಂಬುದು ನಮ್ಮೂರಿನವನಾಗಿ ನನ್ನ ಗಟ್ಟಿ ಅಭಿಪ್ರಾಯ. 1996ರ ಅಕ್ಟೋಬರ್ 21ರಂದು ಇದೇ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ 88 ರನ್ ಗಳಿಸಿದ್ದ ಸಚಿನ್ ಔಟಾದ ಮೇಲೆ ಗೆಲುವಿನ ಆಸೆ ಬಿಟ್ಟವರು, ನಮ್ಮ ಜಾವಗಲ್ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ ಮುರಿಯದ ಒಂಬತ್ತನೆಯ ವಿಕೆಟಿಗೆ 52 ರನ್ ಸೇರಿಸಿ ಪಂದ್ಯ ಗೆದ್ದುಕೊಟ್ಟದ್ದನ್ನು ಕಣ್ಣಾರೆ ನೋಡುವ ಭಾಗ್ಯ ಕಳೆದುಕೊಂಡರು.

ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ ಇದೆ. ರಾಜಹಂಸ, ಐರಾವತಗಳಲ್ಲಿ ಟಿಕೆಟ್ ಕೊಳ್ಳಬೇಕು. ನಿಮ್ಮ ತಂದೆಯವರು ದಾಸರಹಳ್ಳಿ ಕಡೆಯ ನೆಂಟರ ಮನೆಯಲ್ಲಿ ಪಂದ್ಯ ನೋಡುವುದಾದರೆ ಅವರನ್ನು ಮೆಜೆಸ್ಟಿಕ್‌ಗೆ ಕರೆಸುವ ಅಗತ್ಯವಿಲ್ಲ. ಹಾಸನದ ಬಸ್ಸುಗಳು ತುಮಕೂರು ರಸ್ತೆಯಲ್ಲೇ ನೆಲಮಂಗಲಕ್ಕೆ ಹೋಗುವುದರಿಂದ, ಟಿಕೆಟ್ ಕಾದಿರಿಸುವಾಗ ಅವರು ಹತ್ತುವ ಜಾಗವನ್ನು ಜಾಲಹಳ್ಳಿ ಕ್ರಾಸ್ ಎಂದು ನಮೂದಿಸಲು ಅವಕಾಶವಿದೆಯೇ ನೋಡಿ.