ಬಸುರಿಯಲ್ಲಿ ರಕ್ತ ತೆಳು ಮಾಡುವ ಔಷಧಿ: ಡಾಕ್ಟರನ್ನು ಕೇಳಿ

ಡಾಕ್ಟರ್ (ಹೆರಿಗೆ ತಜ್ಞೆ): ಬಸುರಿ, ಬಾಣಂತನದಲ್ಲಿ ರಕ್ತ ಹೆಪ್ಪುಗಟ್ಟುವ ಬಗ್ಗೆ ಕೇಳಿ. ಡೋಸ್ ಮಾತ್ರ ಕೇಳಬೇಡಿ, ಅದನ್ನು ನಿಮ್ಮನ್ನು ಪರೀಕ್ಷೆ ಮಾಡಿದವರೇ ಹೇಳಬೇಕು.

ಪುಟ್ಟಿ ಅಮ್ಮ: ಮೇಡಂ, ಹಿಂದೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಈ ಸಲ ದಿನಾ ಹೊಟ್ಟೆಗೆ ಎನಾಕ್ಸಪರಿನ್ ಇಂಜೆಕ್ಷನ್ ಬರೆದಿದ್ದಾರೆ. ಮಗುವಿಗೂ ಹೋಗುತ್ತಾ? ಚುಚ್ಚಿದ ಕಡೆಯೆಲ್ಲಾ ನೀಲಿ.

ಡಾಕ್ಟರ್: ಹೋಗುವುದಿಲ್ಲ. ಹೆಪಾರಿನ್ ಜಾತಿಯ ಔಷಧಿ ಮಾಸು ದಾಟುವುದಿಲ್ಲ. ನೀಲಿಗಟ್ಟುವುದು ಮಾಮೂಲಿ. ಚರ್ಮವನ್ನು ಮಡಿಕೆ ಹಿಡಿದು ನೇರವಾಗಿ ಚುಚ್ಚಿ, ಆಮೇಲೆ ಉಜ್ಜಬೇಡಿ. ಸಿರಿಂಜಿನಲ್ಲಿರುವ ಗಾಳಿಗುಳ್ಳೆ ಹಾಗೇ ಇರಲಿ. ಇವತ್ತು ಎಡಕ್ಕಾದರೆ ನಾಳೆ ಬಲಕ್ಕೆ.

ಕೊಡಗಿನ ಹುಡುಗಿ: ಇಂಜೆಕ್ಷನ್ ಮಗುವಿಗೆ ಹೋಗುತ್ತಾ ಮೇಡಂ?

ಡಾಕ್ಟರ್: ಇಲ್ಲ. ಮೇಲೆ ಓದಿ.

ಅಡುಗೆಮನೆ ಅಕ್ಕ: ಇಂಜೆಕ್ಷನ್ ಯಾಕ್ರೀ? ಬರೀ ಹೊಟ್ಟೆಗೆ ಹಸಿ ಬೆಳ್ಳುಳ್ಳಿ, ಜೇನುತುಪ್ಪ. ರಕ್ತ ತಾನೇ ತೆಳುವಾಗುತ್ತೆ. ವಾಟ್ಸಾಪಲ್ಲಿ ಬಂದಿದೆ, ಕಳಿಸ್ಲಾ?

ಡಾಕ್ಟರ್: ಕಳಿಸಬೇಡಿ. ಒಗ್ಗರಣೆಗೆ ಎಷ್ಟು ಬೇಕಾದರೂ ಹಾಕಿ. ಇಂಜೆಕ್ಷನ್ ಬಿಟ್ಟು ಬೆಳ್ಳುಳ್ಳಿ ತಿಂದರೆ ಹೆಪ್ಪು ನಿಲ್ಲುವುದಿಲ್ಲ.

ನಂಜನಗೂಡು: ಮೇಡಂ, ನನಗೆ 24 ವರ್ಷ. ಚಿಕ್ಕವಳಿದ್ದಾಗ ಕೀಲುನೋವಿನ ಜ್ವರ ಬಂದು ಹೃದಯದ ವಾಲ್ವ್ ಹಾಳಾಗಿತ್ತು. ಆಪರೇಷನ್ ಮಾಡಿ ಲೋಹದ ವಾಲ್ವ್ ಹಾಕಿದ್ದಾರೆ. ರಕ್ತ ತೆಳುವಾಗಿರಲಿ ಅಂತ ದಿನಾ ಅಸಿಟ್ರೋಮ್ ಮಾತ್ರೆ. ಈಗ 7 ವಾರ. ಆ ಮಾತ್ರೆ ಮಗುವಿಗೆ ಕೆಟ್ಟದ್ದು ಅಂತ ಓದಿ ಐದು ದಿನದಿಂದ ಬಿಟ್ಟಿದ್ದೀನಿ. ಪುಟ್ಟಿ ಅಮ್ಮನ ಇಂಜೆಕ್ಷನ್ನೇ ನಾನೂ ತಗೋಬಹುದಾ?

ಡಾಕ್ಟರ್: ಉಳಿದವರು ಸ್ವಲ್ಪ ತಾಳಿ.

ನೋಡಿ ಅಮ್ಮಾ, ಇವತ್ತೇ ಆಸ್ಪತ್ರೆಗೆ ಹೊರಡಿ. ನಾಳೆ ಅನ್ನಬೇಡಿ. ಬಸುರಿಯಲ್ಲಿ ಎಲ್ಲರ ರಕ್ತವೂ ಬೇಗ ಹೆಪ್ಪುಗಟ್ಟುತ್ತದೆ. ಲೋಹದ ವಾಲ್ವಿನ ಮೇಲಂತೂ ಇನ್ನೂ ಬೇಗ. ವಾಲ್ವ್ ಸಿಕ್ಕಿಹಾಕಿಕೊಂಡರೆ ನಿಮ್ಮ ಜೀವಕ್ಕೇ ಅಪಾಯ.

ನೀವು ಓದಿದ್ದು ಸುಳ್ಳಲ್ಲ. 6ರಿಂದ 12 ವಾರದ ನಡುವೆ ಆ ಮಾತ್ರೆ ಮಗುವಿನ ಮೂಗು, ಮೂಳೆಗೆ ತೊಂದರೆ ಮಾಡಬಹುದು. ಆದರೆ ಡೋಸ್ ಕಡಿಮೆಯಿದ್ದರೆ ಆ ಅಪಾಯವೂ ಕಡಿಮೆ. ಹಾಗಾಗಿ ಕೆಲವರಿಗೆ ಮಾತ್ರೆಯನ್ನೇ ಮುಂದುವರಿಸುತ್ತೇವೆ. ಕೆಲವರಿಗೆ ಆ ವಾರಗಳಲ್ಲಿ ಮಾತ್ರ ಇಂಜೆಕ್ಷನ್. ಅದು ಪುಟ್ಟಿ ಅಮ್ಮ ತಗೊಳ್ಳುವ ದಿನಕ್ಕೊಂದು ಅಲ್ಲ. ತೂಕ ನೋಡಿ ದಿನಕ್ಕೆ ಎರಡು ಸಲ, ಜೊತೆಗೆ ಆಂಟಿ ಟೆನ್ ಎ ಅನ್ನುವ ರಕ್ತಪರೀಕ್ಷೆ ಮತ್ತೆ ಮತ್ತೆ. ಪರೀಕ್ಷೆ ಇಲ್ಲದೆ ಇಂಜೆಕ್ಷನ್ ಕೊಟ್ಟರೆ ವಾಲ್ವಿಗೆ ಸಾಲದೇ ಹೋಗಬಹುದು. 12 ವಾರ ಕಳೆದ ಮೇಲೆ ಸಾಮಾನ್ಯವಾಗಿ ಮತ್ತೆ ಮಾತ್ರೆ. 36ರ ಹೊತ್ತಿಗೆ ಪುನಃ ಹೆಪಾರಿನ್, ಯಾಕೆಂದರೆ ಮಾತ್ರೆ ಮಗುವಿನ ರಕ್ತವನ್ನೂ ತೆಳು ಮಾಡುತ್ತದೆ, ಹೆರಿಗೆಯಲ್ಲಿ ಮಗುವಿನ ತಲೆಯೊಳಗೆ ರಕ್ತ ಸೋರಬಹುದು. ಇದನ್ನೆಲ್ಲ ಹೃದಯದ ಡಾಕ್ಟರ್, ಹೆರಿಗೆ ಡಾಕ್ಟರ್ ಇಬ್ಬರೂ ಸೇರಿ ತೀರ್ಮಾನಿಸಬೇಕು. ನಿಮಗೆ ಮೈಸೂರಿನ ಜಯದೇವ ಹತ್ತಿರ.

ಒಂದು ಮಾತು ಹೇಳಿ. ರಾತ್ರಿ ಮಲಗಿದಾಗ ವಾಲ್ವಿನ ಟಿಕ್ ಟಿಕ್ ಕೇಳಿಸುತ್ತಿತ್ತಲ್ಲ, ಈಗಲೂ ಹಾಗೇ ಇದೆಯಾ?

ಸೌದಿ ಕನ್ನಡಿಗ: ನನ್ನ ಹೆಂಡತಿಗೆ 28 ವಾರ, ವಿಮಾನದಲ್ಲಿ ಬರಬಹುದಾ?

ನಂಜನಗೂಡು: ಎರಡು ದಿನದಿಂದ ಮಂದ ಅನ್ನಿಸ್ತಿದೆ. ಮೆಟ್ಟಿಲು ಹತ್ತಿದ್ರೆ ಏದುಸಿರು.

ಡಾಕ್ಟರ್: 108ಕ್ಕೆ ಫೋನ್ ಮಾಡಿ. ಈಗಲೇ. ವಾಲ್ವಿನ ಮೇಲೆ ಹೆಪ್ಪು ಕೂತಿರಬಹುದು. ಬಸ್ಸು ಬೇಡ. ಆಪರೇಷನ್ ಚೀಟಿ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ರಿಪೋರ್ಟ್ ತಗೊಳ್ಳಿ. ಬಿಟ್ಟಿದ್ದನ್ನೆಲ್ಲ ಸೇರಿಸಿ ಮಾತ್ರೆ ನುಂಗಬೇಡಿ.

ಅಡುಗೆಮನೆ ಅಕ್ಕ: ಸುಮ್ನೆ ಹೆದರಿಸ್ತೀರಿ. ನಮ್ಮ ಕಾಲದಲ್ಲಿ ಬಾಣಂತಿ ಮೂರು ತಿಂಗಳು ಮಲಗಿರ್ತಿದ್ಲು, ನೀರು ಅಳತೆ ಮಾಡಿ ಕೊಡ್ತಿದ್ವಿ. ಯಾರಿಗೆ ಏನಾಯ್ತು?

ಹಾಸನದ ಸೊಸೆ: ಏನಾಯ್ತು ಅಂತ ನನ್ನ ಕೇಳಿ. ನನ್ನ ಅಕ್ಕನಿಗೆ ಹೆರಿಗೆಯಾದ ಹತ್ತನೇ ದಿನ ತಲೆನೋವು. ಶೀತ ಅಂತ ತಲೆಗೆ ಬಟ್ಟೆ ಕಟ್ಟಿ ಮಲಗಿಸಿದ್ರಿ ನಿಮ್ಮಂಥವರು. ಮೂರನೇ ದಿನ ಫಿಟ್ಸ್.

ಅಡುಗೆಮನೆ ಅಕ್ಕ: ಹಿರಿಯರ ಹತ್ರ ಹಿಂಗಾ ಮಾತಾಡೋದು? ಬಾಣಂತನ ಮಾಡೋರು ಯಾರೂ ಇಲ್ಲದಿದ್ರೆ ಗೊತ್ತಾಗ್ತಿತ್ತು ನಿಮಗೆ.

ಹಾಸನದ ಸೊಸೆ: ಅಕ್ಕನ ಬಲಗೈ ಈಗಲೂ ಸರಿ ಇಲ್ಲ. ಅದನ್ನ ನೋಡಿ ಆಮೇಲೆ ಮಾತಾಡಿ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಡಾಕ್ಟರ್: ಹಾಸನದವರು ಹೇಳಿದ್ದು ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಕಾಯಿಲೆ ಇರಬಹುದು. ನಿಮ್ಹಾನ್ಸ್‌ನಲ್ಲಿ ಎಷ್ಟೋ ಬಾಣಂತಿಯರಿಗೆ ಇದಕ್ಕೆ ಚಿಕಿತ್ಸೆ ಆಗಿದೆ. ಹೆಪ್ಪಿನ ಅಪಾಯ ಹೆರಿಗೆಗೆ ಮುಗಿಯುವುದಿಲ್ಲ, ನಂತರದ 6 ವಾರವೇ ಜಾಸ್ತಿ. ಬಾಣಂತಿಗೆ ಬಾಯಾರಿದಷ್ಟು ನೀರು ಕೊಡಿ, ಮನೆಯೊಳಗೆ ಓಡಾಡಿಸಿ. ಅಕ್ಕಾ, ಎಣ್ಣೆನೀರು, ಬಿಸಿ ಸಾರು ನಿಮ್ಮ ಇಷ್ಟ. ನೀರು ಮಾತ್ರ ಕಟ್ಟಬೇಡಿ.

ಕೊಡಗಿನ ಹುಡುಗಿ: ಎಕೋಸ್ಪ್ರಿನ್ (ಆಸ್ಪಿರಿನ್ ಮಾತ್ರೆ) ಇದ್ದರೆ ಇಂಜೆಕ್ಷನ್ ಬೇಡ ಅಲ್ವಾ?

ಡಾಕ್ಟರ್: ಎರಡೂ ಬೇರೆ ಕೆಲಸದವು. ಕೇಳದೆ ಯಾವುದನ್ನೂ ಬಿಡಬೇಡಿ.

ತುಮಕೂರು: 30 ವಾರ, ಎಡಗಾಲು ಮಾತ್ರ ಊದಿದೆ, ಮೀನಖಂಡ ನೋವು. ಎಣ್ಣೆ ಹಚ್ಚಿ ತಿಕ್ಕಲಾ?

ಡಾಕ್ಟರ್: ತಿಕ್ಕಬೇಡಿ. ಬಸುರಿಯಲ್ಲಿ ಹೆಪ್ಪು ಹೆಚ್ಚಾಗಿ ಎಡಗಾಲಲ್ಲೇ ಆಗುವುದು. ಇವತ್ತೇ ಕಾಲಿನ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಮಾಡಿಸಿ.

ಪುಟ್ಟಿ ಅಮ್ಮ: ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಮಾಡಬಹುದಾ ನನಗೆ?

ಡಾಕ್ಟರ್: ಮಾಡಬಹುದು. ನಿಮ್ಮಂಥ ದಿನಕ್ಕೊಂದು ಡೋಸಿನವರಿಗೆ ಕೊನೆಯದು ಚುಚ್ಚಿ 12 ಗಂಟೆ ಆಗಿರಬೇಕು, ದೊಡ್ಡ ಡೋಸಿನವರಿಗೆ 24. ನೋವು ಶುರುವಾದರೆ ಮುಂದಿನ ಡೋಸ್ ಚುಚ್ಚದೆ ಆಸ್ಪತ್ರೆಗೆ ಹೋಗಿ.

ಸೌದಿ ಕನ್ನಡಿಗ: ನನ್ನ ಪ್ರಶ್ನೆ ಮೇಡಂ?

ಮಂಡ್ಯ ಗೌಡ್ತಿ: ಇಂಜೆಕ್ಷನ್ನಿಂದ ಮಗುವಿಗೆ ತೊಂದರೆನಾ?

ಡಾಕ್ಟರ್: ಮೂರನೇ ಸಲ ಇದೇ ಪ್ರಶ್ನೆ. ಮೇಲೆ ಓದಿ.

ನಂಜನಗೂಡು: ನಾನು ಅವರ ಯಜಮಾನರು. ಆಂಬುಲೆನ್ಸಲ್ಲಿದ್ದೀವಿ ಮೇಡಂ. ಅಲ್ಲಿ ಹೋಗಿ ಏನು ಹೇಳ್ಬೇಕು?

ಡಾಕ್ಟರ್: ಎಮರ್ಜೆನ್ಸಿಯಲ್ಲಿ ಮೊದಲ ಮಾತೇ "ಲೋಹದ ವಾಲ್ವ್, 7 ವಾರದ ಗರ್ಭಿಣಿ, ಅಸಿಟ್ರೋಮ್ ಬಿಟ್ಟು ಐದು ದಿನ" ಅನ್ನಿ. ವಾಲ್ವಿನ ಸದ್ದು ಮಂದವಾಗಿದ್ದೂ ಹೇಳಿ. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡುತ್ತಾರೆ, ಅದರಿಂದ ಮಗುವಿಗೆ ಏನೂ ಆಗುವುದಿಲ್ಲ, ಬೇಡ ಅನ್ನಬೇಡಿ. ದಾರಿಯಲ್ಲಿ ಅವರನ್ನು ಒರಗಿಸಿ ಕೂರಿಸಿ, ಚಪ್ಪಟೆ ಮಲಗಿಸಬೇಡಿ.